ಅಂಬಿಗನ ಜಾಗದ ಬಿಳಿ ಗಾಜು

ಮೊದಲು ಕ್ಷಮೆ ಕೇಳಿಬಿಡುತ್ತೇನೆ. ನಮ್ಮ ಊರಿನ ವಾಚನಾಲಯದ ಬಣ್ಣದ ಕಿಟಕಿಯ ಚರಿತ್ರೆ ಹೇಳುವ ಯೋಗ್ಯತೆ ನನಗಿಲ್ಲ. ಹಗಲು ಪುರಸಭೆಯಲ್ಲಿ ಟೈಪಿಂಗ್ ಮಾಡಿಕೊಂಡು, ಸಂಜೆ ಕಾಲೇಜಿಗೆ ಹೋಗಿ, ಮೂವತ್ತು ದಾಟಿದ ಮೇಲೆ ಬಿ.ಎ. ಮುಗಿಸಿದವಳು ನಾನು. ಸಂಜೆ ಕಾಲೇಜಿನಲ್ಲಿ ಕರೆಂಟು ಹೋದ ದಿನದ ಪಾಠವನ್ನು ಯಾರೂ ಮತ್ತೆ ಮಾಡುತ್ತಿರಲಿಲ್ಲ. ಹೀಗಾಗಿ ನನ್ನ ಇತಿಹಾಸದ ತಿಳಿವಳಿಕೆಯಲ್ಲಿ ಅಲ್ಲಲ್ಲಿ ಕತ್ತಲೆಯಿದೆ. ಕಿಟಕಿಗೆ ಐವತ್ತು ತುಂಬಿದ್ದಕ್ಕೆ ಪುರಸಭೆ ಒಂದು ಪುಸ್ತಿಕೆ ತರಬೇಕೆಂದಾಗ ಅದನ್ನು ಬರೆಯಬೇಕಾಗಿದ್ದವರು ನಿವೃತ್ತ ಹೆಡ್‌ಮಾಸ್ತರರು. ಅವರಿಗೆ ಕಣ್ಣಿನ ಆಪರೇಷನ್ ಆಯಿತು. ಅಧ್ಯಕ್ಷರಾದ ಮೇಟಿಯವರು ನನ್ನ ಮೇಜಿನ ಹತ್ತಿರ ಬಂದು, "ಅನಸೂಯಾ, ನಾಕ್ ಪುಟ ನೀನಾ ಬರದ್ ಬಿಡವಾ, ದೊಡ್ಡದೇನಿಲ್ಲ" ಎಂದರು. ನಾನು ಬರೆದೆ. ಅದು ಅಚ್ಚಾಗಲಿಲ್ಲ. ಅಚ್ಚಾಗದೆ ಉಳಿದದ್ದನ್ನು ಇಲ್ಲಿ ಹೇಳುತ್ತಿದ್ದೇನೆ. ಓದುವಾಗ ಸಿಟ್ಟು ಹೆಚ್ಚಾಯಿತು ಅನ್ನಿಸಿದರೆ ಅದು ನನ್ನ ತಪ್ಪೇ. ತೆಗೆಯಲು ಪ್ರಯತ್ನಪಟ್ಟೆ. ಸಿಟ್ಟು ತೆಗೆದರೆ ಸಂಗತಿಗಳೂ ಜೊತೆಗೇ ಹೊರಟುಬಿಡುತ್ತಿದ್ದವು.

ಹೊರ ಊರಿನವರು ಯಾರಾದರೂ ಓದಿದರೆ ಅವರಿಗಾಗಿ ಒಂದು ಮಾತು. ನಮ್ಮ ಊರಿನಲ್ಲಿ ಬಣ್ಣದ ಗಾಜಿನಿಂದ ಹಾದುಬಂದ ಬಿಸಿಲು ಮೈಮೇಲೆ ಬಿದ್ದರೆ ಬಣ್ಣ ಅಂಟಿಕೊಳ್ಳುತ್ತದೆ. ಎಷ್ಟು ತೊಳೆದರೂ ಹೋಗುವುದಿಲ್ಲ, ಒಂದು ನಿದ್ದೆ ಮಾಡಿ ಎದ್ದರೆ ಹೋಗಿರುತ್ತದೆ. ನಿದ್ದೆ ಮಾಡದ ಕಲ್ಲು, ಗೋಡೆ, ಬಟ್ಟೆಗಳ ಮೇಲೆ ಬಿದ್ದದ್ದು ಹೋಗುವುದೇ ಇಲ್ಲ, ಮೊದಲು ಬಿದ್ದ ಬಣ್ಣದ ಮೇಲೆ ಇನ್ನೊಂದು ಹಿಡಿಯುವುದೂ ಇಲ್ಲ. ಆದ್ದರಿಂದ ನಮ್ಮ ಹೆಂಗಸರು ಗಾಜಿನ ಬಳೆ ಇಡುವುದಿಲ್ಲ, ಅರಗಿನ ಬಳೆ ಇಡುತ್ತಾರೆ. ಹೊಸ ಸೊಸೆ ತವರಿನ ಬಳೆ ಹಾಕಿಕೊಂಡು ನೀರಿಗೆ ಹೋಗಿ ಹಸಿರು ಮಣಿಕಟ್ಟಿನೊಂದಿಗೆ ತಿರುಗಿ ಬರುವುದು, ಓಣಿಯವರು ನಗುವುದು ಪ್ರತಿ ಮದುವೆಯಲ್ಲೂ ಇದ್ದದ್ದೇ. ಗೋಲಿ ಸೋಡಾವನ್ನು ನೆರಳಿನಲ್ಲಿ ನಿಂತು ಕುಡಿಯುತ್ತೇವೆ. ತಂಪು ಕನ್ನಡಕ ಹಾಕಿಕೊಂಡು ಸಂತೆಗೆ ಬಂದ ಒಬ್ಬ ದಲ್ಲಾಳಿ ಮಧ್ಯಾಹ್ನದ ಹೊತ್ತಿಗೆ ಕಣ್ಣ ಸುತ್ತ ಕಪ್ಪಿಟ್ಟು, ತನಗೆ ಏನೋ ರೋಗ ಬಡಿಯಿತೆಂದು ಬಸ್ಸು ಹತ್ತಿ ಓಡಿದ್ದನ್ನು ನಾನೇ ನೋಡಿದ್ದೇನೆ. ನಮಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ.

ಕಿಟಕಿ ಬಂದದ್ದು ಹೀಗೆ. ಆಗ ನದಿಗೆ ಸೇತುವೆ ಇರಲಿಲ್ಲ. ಆಚೆ ದಡಕ್ಕೆ ಹೋಗಲು ಪುರಸಭೆಯ ಒಂದೇ ದೋಣಿ, ಅದನ್ನು ನಡೆಸುತ್ತಿದ್ದವನು ಅಂಬಿಗರ ಬರಮಪ್ಪ. ಕಾರ್ತಿಕದ ಒಂದು ಸಂತೆಯ ದಿನ ಬೆಳಿಗ್ಗೆ, ಮಂಜು ಇನ್ನೂ ನೀರಿನ ಮೇಲೆ ಇದ್ದಾಗ, ಹನ್ನೆರಡು ಜನರನ್ನು ಕೂರಿಸಿಕೊಂಡು ಹೊರಟ ದೋಣಿ ನಡುನೀರಿನಲ್ಲಿ ಮುಳುಗಿತು. ಹನ್ನೆರಡು ಜನರೂ ಹೋದರು, ಬರಮಪ್ಪನೂ ಹೋದ. ಮರುವರ್ಷ ಊರು ಸೇರಿ, ಆಗಷ್ಟೇ ಕಟ್ಟಿದ್ದ ವಾಚನಾಲಯದ ಮೂಡಣ ಗೋಡೆಯಲ್ಲಿ ಅವರ ನೆನಪಿಗೆ ಈ ಕಿಟಕಿ ಮಾಡಿಸಿತು. ಗಾಜಿನ ಕೆಲಸದವನೊಬ್ಬ ಎಲ್ಲಿಂದಲೋ ಬಂದು, ಚಾವಡಿಯಲ್ಲಿ ಉಳಿದುಕೊಂಡು, ಸತ್ತವರ ಮನೆಮನೆಗೂ ಹೋಗಿ ಅವರಿಗೆ ಯಾವ ಬಣ್ಣ ಇಷ್ಟವಿತ್ತೆಂದು ಕೇಳಿಕೊಂಡು ಬಂದನಂತೆ. ಕಿಟಕಿಯ ತುಂಬ ಉದ್ದಕ್ಕೆ ಒಂದು ದೋಣಿ. ಅದರಲ್ಲಿ ಸಾಲಾಗಿ ಕುಳಿತವರು. ಕುಸ್ತಿಯ ಹುಚ್ಚಿದ್ದ ಹುಡುಗನಿಗೆ ಕೆಂಪು ಗಾಜು, ತವರಿಗೆ ಹೊರಟಿದ್ದ ಬಾಣಂತಿಗೆ ಅರಿಷಿಣದ್ದು, ಹೀಗೆ ಒಬ್ಬೊಬ್ಬರಿಗೆ ಒಂದೊಂದು. ಕೊನೆಯಲ್ಲಿ ದೋಣಿ ನೂಕುವ ಜಲ್ಲೆ ಹಿಡಿದು ನಿಂತವನು ಅಂಬಿಗ. ಅವನ ತಲೆ, ಭುಜ, ಕಾಲು ಎಲ್ಲವನ್ನೂ ಸೀಸದ ಪಟ್ಟಿಯಲ್ಲಿ ಸರಿಯಾಗಿ ಕೊರೆದಿದ್ದಾರೆ. ಒಳಗೆ ಮಾತ್ರ ಬಣ್ಣವಿಲ್ಲದ ಬಿಳಿ ಗಾಜು, ನಮ್ಮ ಕಚೇರಿಯ ಕಿಟಕಿಗಳಿಗೆ ಹಾಕುವಂಥದ್ದು.

ಆ ಕಿಟಕಿಗೆ ವರ್ಷವಿಡೀ ದಪ್ಪ ಪರದೆ ಹಾಕಿರುತ್ತದೆ. ದೋಣಿ ಮುಳುಗಿದ ವಾರ್ಷಿಕದ ದಿನ ಬೆಳಿಗ್ಗೆ ಒಂದು ಸಲ ತೆಗೆಯುತ್ತಾರೆ. ಸತ್ತವರ ಮನೆಯವರು ತಮ್ಮ ತಮ್ಮವರ ಬಣ್ಣ ಬೀಳುವ ಜಾಗದಲ್ಲಿ ಹೋಗಿ ನಿಂತು ಮುಖ ಒಡ್ಡುತ್ತಾರೆ. ಆಮೇಲೆ ಆ ಬಣ್ಣದಲ್ಲೇ ಪೇಟೆಯ ನಡುವೆ ಹಾಯ್ದು ಮನೆಗೆ ಹೋಗುತ್ತಾರೆ. ಅವರು ಬರುವುದು ಕಂಡರೆ ಕುಳಿತವರು ಏಳಬೇಕು. ಅಂಗಡಿಯವನು ತಕ್ಕಡಿ ಕೆಳಗಿಟ್ಟು ಎದ್ದು ನಿಲ್ಲುತ್ತಾನೆ, ಕ್ಷೌರಕ್ಕೆ ಕುಳಿತವನು ಅರ್ಧ ಗಡ್ಡದಲ್ಲೇ ಏಳುತ್ತಾನೆ. ಆ ದಿನ ಅವರಿಗೆ ಯಾರೂ ಕೆಲಸ ಹೇಳುವುದಿಲ್ಲ, ಗದರುವುದಿಲ್ಲ. ಬರಮಪ್ಪನ ಹೆಂಡತಿ ಫಕೀರವ್ವ ಕೂಡ ಪ್ರತಿ ವರ್ಷ ಬರುತ್ತಾಳೆ. ಬಂದು ಸಾಲಿನ ಕೊನೆಯಲ್ಲಿ, ಗಂಡನ ಗಾಜಿನ ಬೆಳಕಿನಲ್ಲಿ ನಿಲ್ಲುತ್ತಾಳೆ. ಬರಿಯ ಬಿಸಿಲು. ಬರುವಾಗ ಇದ್ದ ಮುಖದಲ್ಲೇ ತಿರುಗಿ ಹೋಗುತ್ತಾಳೆ. ಪೇಟೆಯಲ್ಲಿ ಯಾರೂ ಏಳುವುದಿಲ್ಲ. ಅವಳಿಗೆ ಊರು ಇಟ್ಟ ಹೆಸರು 'ಬರಿಮುಖದಾಕಿ'. ವಾಚನಾಲಯದ ನೆಲದ ಟೈಲ್ಸಿನ ಮೇಲೆ ವರ್ಷ ವರ್ಷದ ಬಣ್ಣ ಬಿದ್ದು ಹನ್ನೆರಡು ಪಟ್ಟೆಗಳು ನಿಂತಿವೆ, ಕೊನೆಯಲ್ಲಿ ಒಂದು ಖಾಲಿ. ಶಾಲೆಯ ಮಕ್ಕಳು ಪುಸ್ತಕ ಓದಲು ಬಂದರೆ ಆ ಖಾಲಿ ಜಾಗವನ್ನು ಮಾತ್ರ ತುಳಿಯದೆ ಜಿಗಿಯುತ್ತಾರೆ. ಯಾಕೆಂದು ಕೇಳಿದರೆ, ಅಂಬಿಗ ಕುಡಿದಿದ್ದ, ತುಳಿದರೆ ನಾವೂ ಮುಳುಗುತ್ತೇವೆ ಅನ್ನುತ್ತಾರೆ. ಇದನ್ನು ಮಕ್ಕಳಿಗೆ ಯಾರೋ ದೊಡ್ಡವರೇ ಹೇಳಿಕೊಟ್ಟಿರಬೇಕಲ್ಲವೇ.

ಪುಸ್ತಿಕೆಗಾಗಿ ನಾನು ಎಲ್ಲ ಮನೆಗಳಿಗೂ ಹೋದೆ. ಫಕೀರವ್ವನ ಹತ್ತಿರ ಹೋಗಲು ಹಿಂಜರಿಕೆಯಾಗಿ ಅವಳನ್ನು ಕೊನೆಗೆ ಇಟ್ಟುಕೊಂಡೆ. ಸೇತುವೆಯ ಬುಡದಲ್ಲಿ ಗೋಣಿಚೀಲ ಹಾಸಿಕೊಂಡು ಶೇಂಗಾ ಮಾರುವ ಮುದುಕಿ. ಏನೆಂದು ಶುರುಮಾಡುವುದೋ ತಿಳಿಯದೆ ಶೇಂಗಾ ಕೊಂಡೆ. ಆಮೇಲೆ ಕೇಳಿದೆ: "ಆಯಿ, ಕಿಟಕಿ ಬಗ್ಗೆ ಬರ್ಯಾಕತ್ತೇನಿ. ಬಣ್ಣ ಬೀಳಂಗಿಲ್ಲಂತ ಗೊತ್ತಿದ್ರೂ ನೀವು ವರ್ಷಾ ಯಾಕ ಬಂದು ನಿಲ್ತೀರಿ?"

"ನಮ್ಮ ಮನ್ಯಾಗೂ ಒಬ್ಬ ಸತ್ತಾನ. ಅದಕ್ಕ," ಎಂದಳು. ಹಾಗಂದು ಶೇಂಗಾದ ಸಿಪ್ಪೆ ಊದಿದಳು. "ಅಂವ ಕುಡೀತಿದ್ದ. ಇಲ್ಲ ಅನ್ನಂಗಿಲ್ಲ. ಆದ್ರ ದೋಣಿ ದಡಾ ಮುಟ್ಟೂತನಕ ಮುಟ್ಟತಿದ್ದಿಲ್ಲ. ಇದನ್ನ ನಾ ಹೇಳಿದ್ರ, ಹೇಣ್ತಿ ಅಲ್ಲೇನು, ಹಿಂಗಾ ಹೇಳ್ತಾಳ ಅಂತಾರ. ಬರಕೋ, ಬ್ಯಾಡಾದ್ರ ಬಿಡು."

"ಮತ್ತೇನರ ಬರೀಬೇಕೇನು?"

"ಬರೀಬ್ಯಾಡ, ಹೇಳ್ತೇನಿ ಕೇಳು. ಒಂದ ಸಲಾ ಅವನ ಬಣ್ಣ ಹಚ್ಚಿಕೊಂಡು ಪ್ಯಾಟ್ಯಾಗ ಹಾಯಬೇಕಂತ ಐತಿ. ಇವ್ರು ಎದ್ದು ನಿಲ್ತಾರೋ ಇಲ್ಲೋ ಒಮ್ಮೆ ಕಣ್ಲೆ ನೋಡಿ ಸಾಯಬೇಕು. ಈಗ ಹೋಗು, ಗಿರಾಕಿ ಬಂದಾರ."

ನಾನು ಕಚೇರಿಗೆ ಬಂದು, ತುಂಬ ಯೋಚಿಸಿ, ಮೇಟಿಯವರನ್ನು ಕೇಳಿದೆ. ಅಂಬಿಗ ಅಂದು ಕುಡಿದಿದ್ದ ಎಂಬುದಕ್ಕೆ ಆಧಾರ ಯಾವುದು, ಪುಸ್ತಿಕೆಯಲ್ಲಿ ಹಾಕಬೇಕಲ್ಲ ಎಂದೆ. "ಊರಿಗೆಲ್ಲಾ ಗೊತ್ತಿದ್ದ ಮಾತಿಗೆ ಆಧಾರ ಎದಕ್ಕವಾ?" ಎಂದರು. "ನೋಡಿದವ್ರು ಯಾರ್ರಿ ಸರ್?" ಎಂದೆ. "ಎಲ್ಲಾರೂ ನೋಡ್ಯಾರ." ನನಗೆ ಬಾಯಿ ತಡೆಯಲಾಗಲಿಲ್ಲ. "ಹತ್ರದಿಂದ ನೋಡಿದವ್ರೆಲ್ಲಾ ಅವನ ಜೋಡಿನಾ ಮುಳುಗ್ಯಾರಲ್ರಿ" ಎಂದುಬಿಟ್ಟೆ. ಅವರು ನಗಲಿಲ್ಲ. ಮೇಟಿಯವರು ಕೆಟ್ಟವರಲ್ಲ. ನನ್ನ ತಾಯಿಯ ಕಾಯಿಲೆಗೆ ರಜೆ ಕೊಟ್ಟವರು. ಹೀಗೆ ಬರೆಯುವಾಗ ನನಗೆ ಸಂಕಟವಾಗುತ್ತದೆ. ಆದರೆ ಒಂದು ಮಾತು ಹೇಳಲೇಬೇಕು. ಅಂಬಿಗ ಕುಡಿದಿರಲಿಲ್ಲ ಎಂದಾದರೆ ಆಮೇಲೆ ದೋಣಿಯ ವಿಚಾರ ಕೇಳಬೇಕಾಗುತ್ತದೆ. ಆ ದೋಣಿಯ ತಳ ಎಂದೋ ಸವೆದಿತ್ತೆಂದು ನನಗೆ ಮೂರು ಮನೆಗಳಲ್ಲಿ ಹೇಳಿದರು, ಮೂವರೂ ದನಿ ತಗ್ಗಿಸಿಯೇ ಹೇಳಿದರು. ದೋಣಿ ಪುರಸಭೆಯದು.

ಹೀಗಿರುವಾಗ ಐವತ್ತನೆಯ ವರ್ಷದ ಸಮಾರಂಭಕ್ಕೆಂದು ವಾಚನಾಲಯದ ಹಳೆಯ ಟೈಲ್ಸು ಕಿತ್ತು ಗ್ರಾನೈಟ್ ಹಾಕುವ ಕೆಲಸ ಶುರುವಾಯಿತು. ಕೆಲಸ ಹಿಡಿದಿದ್ದ ಗವಂಡಿ ಮೌಲಾಸಾಬ ಒಂದು ಬೆಳಿಗ್ಗೆ ಕೈಯೆಲ್ಲ ಸುಣ್ಣದಲ್ಲೇ ನನ್ನ ಮೇಜಿನ ಹತ್ತಿರ ಬಂದು, "ಬಾಯಾರ, ನೀವು ಕಿಟಕಿ ಬಗ್ಗೆ ಬರೀತಿದ್ದೀರಂತಲ್ಲ, ಒಂದೀಟು ಬಂದು ಹೋಗ್ರಿ" ಎಂದ. ಹೋಗಿ ನೋಡಿದೆ. ಟೈಲ್ಸಿನ ಕೆಳಗೆ, ಹಳೆಯ ಗಾರೆಯ ಕೆಳಗೆ, ಇನ್ನೊಂದು ನೆಲವಿತ್ತು. ಕಟ್ಟಡ ಕಟ್ಟಿದಾಗ ಹಾಕಿದ ಫರಸಿ ಕಲ್ಲು. ಅವನು ಗಾರೆ ಕೆರೆದು ನೀರು ಹೊಡೆದಿದ್ದ. ಆ ಕಲ್ಲಿನ ಮೇಲೂ ಬಣ್ಣದ ಪಟ್ಟೆಗಳಿದ್ದವು. ಮೇಲಿನ ಟೈಲ್ಸಿನ ಪಟ್ಟೆಗಳಿಗಿಂತ ತೆಳು, ಒಂದೇ ಮುಂಜಾನೆಯ ಬಿಸಿಲಿನಲ್ಲಿ ಬಿದ್ದಂತೆ. ಕೆಂಪು, ಅರಿಷಿಣ, ಹಸಿರು, ಹೀಗೆ ಸಾಲಾಗಿ. ನಾನು ಕೊನೆಯವರೆಗೆ ನೋಡುತ್ತ ಹೋದೆ. ಕೊನೆಯಲ್ಲಿ ಖಾಲಿ ಇರಲಿಲ್ಲ. ಅಲ್ಲೂ ಒಂದು ಪಟ್ಟೆ ಇತ್ತು.

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಮೌಲಾಸಾಬನೇ ಬಿಡಿಸಿ ಹೇಳಿದ. "ಕಿಟಕಿ ಕುಂದರಿಸಿದ ಮರುದಿನ ಪರದೆ ಇದ್ದಿಲ್ಲ ಕಾಣಸ್ತೈತಿ. ಬಿಸಲು ಬಂದು ಬರೆ ಕಲ್ಲಿಗೆ ಬಿದ್ದೈತಿ. ಅವತ್ತ ಅಂಬಿಗಂಗೂ ಬಣ್ಣ ಇತ್ತು." ಅಂದರೆ ಗಾಜಿನವನು ಎಲ್ಲರಿಗೂ ಕೊಟ್ಟಂತೆ ಬರಮಪ್ಪನಿಗೂ ಒಂದು ಬಣ್ಣ ಕೊಟ್ಟಿದ್ದ. ಉದ್ಘಾಟನೆಗೆ ಮುಂಚೆ ಯಾರೋ ಆ ಗಾಜನ್ನು ತೆಗೆಸಿ ಬಿಳಿ ಗಾಜು ಹಾಕಿಸಿದರು. ಗಾಜು ತೆಗೆಸಿದರೂ ಕಲ್ಲಿನ ಮೇಲಿನ ಪಟ್ಟೆ ಹೋಗದ ಕಾರಣ ಇಡೀ ನೆಲಕ್ಕೆ ಟೈಲ್ಸು ಹಾಕಿಸಿ ಮುಚ್ಚಿದರು. ಹೊಸ ಕಟ್ಟಡಕ್ಕೆ ಅಷ್ಟು ಬೇಗ ಎರಡನೆಯ ನೆಲ ಯಾಕೆ ಹಾಕಿದರು ಎಂದು ನಾನು ಚಿಕ್ಕವಳಿದ್ದಾಗ ಕೇಳಿದ್ದಕ್ಕೆ, ಕಲ್ಲು ತಣ್ಣಗಿದ್ದು ಓದುವವರ ಕಾಲಿಗೆ ಹಿತವಾಗಿರಲಿಲ್ಲ ಎಂದು ಹೇಳಿದ್ದರು. ಓದುವವರ ಅಂಗಾಲಿನ ಬಗ್ಗೆ ಈ ಊರಿಗೆ ಎಷ್ಟು ಕಾಳಜಿ. ಒಬ್ಬ ಹೆಂಗಸು ಪ್ರತಿ ಕಾರ್ತಿಕದಲ್ಲಿ ಅದೇ ನೆಲದ ಮೇಲೆ, ತನ್ನ ಗಂಡನ ಬಣ್ಣದ ಮೇಲೆಯೇ ಬರಿಗಾಲಲ್ಲಿ ನಿಂತು, ಬರಿಮುಖದಾಕಿ ಅನ್ನಿಸಿಕೊಂಡು ಮನೆಗೆ ಹೋಗುತ್ತಿದ್ದಳು.

ಮೇಟಿಯವರು ಬಂದರು. ಬಗ್ಗಿ ನೋಡಿದರು. ಎದ್ದು ನಿಂತು, "ಅದು ಜಂಗು. ಕೆಳಗ ಕಬ್ಬಿಣಾ ಇರಬೇಕು" ಎಂದರು.

"ಜಂಗು ಆಗಿದ್ರ ಹನ್ನೆರಡೂ ಜಂಗನಾ ಆಗಬೇಕಲ್ರಿ ಸಾಹೇಬ್ರ," ಎಂದ ಮೌಲಾಸಾಬ. "ಕೆಂಪು ಜಂಗು ನೋಡೇನಿ, ಹಸರ ಜಂಗು ನಾ ನೋಡಿಲ್ಲ."

"ನಿನಗ ಕೇಳಿಲ್ಲ. ಸಮಾರಂಭಕ್ಕ ಟೈಮ್ ಇಲ್ಲ. ಇವತ್ತ ಸಂಜಿ ಒಳಗ ಈ ಕಡೆ ಗ್ರಾನೈಟ್ ಕುಂದ್ರಬೇಕು." ಅವರು ನನ್ನ ಕಡೆಗೆ ತಿರುಗಿದರು. "ನೀ ಹೋಗಿ ಟೈಪ್ ಮಾಡವಾ."

ನಾನು ಟೈಪ್ ಮಾಡಲು ಹೋಗಲಿಲ್ಲ. ಸೇತುವೆಯ ಕಡೆಗೆ ಹೋದೆ. ದಾರಿಯುದ್ದಕ್ಕೂ, ನಾನು ಮಾಡುತ್ತಿರುವುದು ಸರಿಯೇ, ಇದು ನನ್ನ ಕೆಲಸವೇ, ಆ ಮುದುಕಿಗೆ ಸುಮ್ಮನೆ ನೋವು ಕೊಡುತ್ತೇನೆಯೇ ಎಂದು ತಲೆಯಲ್ಲಿ ಓಡುತ್ತಲೇ ಇತ್ತು. ವಿಷಯ ಕೇಳಿದ ಫಕೀರವ್ವ ಶೇಂಗಾದ ಬುಟ್ಟಿಯನ್ನು ಪಕ್ಕದ ಬಾಳೆಹಣ್ಣಿನವಳಿಗೆ ಒಪ್ಪಿಸಿ ನನ್ನ ಹೆಗಲು ಹಿಡಿದು ಎದ್ದಳು. ನಡಿಗೆ ನಿಧಾನ. ನಾವು ಮುಟ್ಟುವ ಹೊತ್ತಿಗೆ ಎಲ್ಲ ಮುಚ್ಚಿಹೋಗಿರುತ್ತದೆ ಎಂದುಕೊಂಡೆ. ಆದರೆ ಮೌಲಾಸಾಬ ಸಿಮೆಂಟು ಕಲಸಿಟ್ಟು, ಸರಿಯಾಗಿಲ್ಲವೆಂದು ಮತ್ತೆ ಕಲಸಿ, ಮೂರನೆಯ ಚಹಾ ಕುಡಿಯುತ್ತ ಮೆಟ್ಟಿಲ ಮೇಲೆ ಕುಳಿತಿದ್ದ. ಪೇಟೆಗೆ ಅಷ್ಟರಲ್ಲಿ ಸುದ್ದಿ ಹೋಗಿ ಒಳಗೆ ಜನ ತುಂಬಿದ್ದರು. ಮುಳುಗಿದ ಕುಸ್ತಿ ಹುಡುಗನ ತಂಗಿ ಗಂಗವ್ವ ಎಲ್ಲರಿಗಿಂತ ಮುಂದೆ ನಿಂತಿದ್ದಳು. ಫಕೀರವ್ವನಿಗೆ ಬರಿಮುಖದಾಕಿ ಎಂದು ಮೊದಲು ಹೆಸರಿಟ್ಟವಳೇ ಆಕೆ ಎಂದು ಹೇಳುತ್ತಾರೆ.

ಫಕೀರವ್ವ ಮೊಣಕಾಲೂರಿ ಕುಳಿತಳು. ಬೆರಳನ್ನು ನಾಲಿಗೆಗೆ ಹಚ್ಚಿ ಆ ಕೊನೆಯ ಪಟ್ಟೆಯನ್ನು ತಿಕ್ಕಿದಳು. ಇನ್ನೊಂದು ಸಲ ತಿಕ್ಕಿದಳು. ಬೆರಳು ನೋಡಿಕೊಂಡಳು, ಏನೂ ಅಂಟಿರಲಿಲ್ಲ. ಎದ್ದು ಮೇಟಿಯವರ ಎದುರು ನಿಂತಳು.

"ನಮ್ಮವನ ಮ್ಯಾಲೆ ಇಷ್ಟು ವರ್ಷ ಟೈಲ್ಸ್ ಹಾಕಿ ಕುಂತಿದ್ರೇನಪಾ?"

"ಯವ್ವಾ, ನನಗೇನ ಗೊತ್ತು. ನಾ ಆಗ ಸಣ್ಣಾಂವ."

"ನಿಮ್ಮಪ್ಪ ಆಗ ಅಧ್ಯಕ್ಷ ಇದ್ದ."

"ತೀರಿಕೊಂಡವ್ರನ್ನ ಯಾಕ ಎಳೀತಿ?"

"ನಮ್ಮಾಂವನೂ ತೀರಿಕೊಂಡಾನ. ಅವನ್ನ ನೀವು ಬಿಟ್ಟೀರೇನು?" ಯಾರೋ ಹಿಂದಿನಿಂದ ನಕ್ಕರು. ಅವಳು ನಗಲಿಲ್ಲ. "ನನಗ ಬ್ಯಾರೆ ಏನೂ ಬ್ಯಾಡ. ಈ ವರ್ಷ ಪರದೆ ತಗಿಯೂದರಾಗ ಅವನ ಗಾಜು ಅವಂಗ ಹಾಕಿಕೊಡು."

ಮೇಟಿಯವರು ಮೃದುವಾಗಿಯೇ ಮಾತಾಡಿದರು. ಸಭೆಯಲ್ಲಿ ಇಡಬೇಕಾಗುತ್ತದೆ. ಅದಕ್ಕೂ ಮುಂಚೆ ಯಾವ ಬಣ್ಣವೆಂದು ನಿರ್ಧಾರವಾಗಬೇಕು. ಯಾವ ಬಣ್ಣ ಇದು, ನೀವೇ ಹೇಳಿ ಎಂದು ಜನರ ಕಡೆ ಕೈ ಮಾಡಿದರು. ಬೆಲ್ಲದ ಬಣ್ಣ ಎಂದ ಮೌಲಾಸಾಬ. ಗಂಗವ್ವ ಜೇನು ಎಂದಳು. ಒಬ್ಬರು ಮಾಸಿದ ಕಾವಿ ಎಂದರು, ಇನ್ನೊಬ್ಬರು ಹೊಳೆಯ ಹೊಸ ನೀರಿನ ಬಣ್ಣ ಎಂದರು. ಹಳೆಯ ಗಾರೆ ತಿಂದ ಕಲ್ಲು, ತೆಳು ಪಟ್ಟೆ, ಸರಿಯಾಗಿ ಹೇಳುವುದು ನಿಜಕ್ಕೂ ಕಷ್ಟವಿತ್ತು. ಮೇಟಿಯವರು ಎಲ್ಲರನ್ನೂ ಕೇಳಿಸಿಕೊಂಡು, "ನೋಡ್ರಿ, ನಿಮ್ಮೊಳಗನಾ ಒಮ್ಮತ ಇಲ್ಲ. ತಪ್ಪು ಬಣ್ಣ ಹಾಕಿದ್ರ ಸತ್ತವಂಗ ಅಪಮಾನ ಆಕ್ಕೈತಿ" ಎಂದರು. ಇಷ್ಟು ವರ್ಷ ಬಣ್ಣವೇ ಇಲ್ಲದೆ ನಿಲ್ಲಿಸಿದ್ದು ಅಪಮಾನವಾಗಿರಲಿಲ್ಲ. ಈಗ ಒಂದು ಛಾಯೆ ಹೆಚ್ಚುಕಡಿಮೆಯಾದರೆ ಅಪಮಾನ. ಈ ಮಾತನ್ನು ನಾನು ಆಗಲೇ, ಅಲ್ಲಿಯೇ ಹೇಳಬೇಕಿತ್ತು. ಹೇಳಲಿಲ್ಲ, ಇಲ್ಲಿ ಬರೆಯುತ್ತಿದ್ದೇನೆ. ಸಂಜೆಯೊಳಗೆ ಗ್ರಾನೈಟ್ ಕೂತಿತು.

ನಾನು ನನ್ನ ನಾಲ್ಕು ಪುಟಗಳಲ್ಲಿ ಇದನ್ನೆಲ್ಲ ಬರೆದು ಕೊಟ್ಟೆ. ಅಚ್ಚಾಗಿ ಬಂದ ಪುಸ್ತಿಕೆಯಲ್ಲಿ ಗಾಜಿನ ಕಲೆಯ ಮಹತ್ವದ ಬಗ್ಗೆ ಒಂದು ಪುಟವಿತ್ತು, ಗ್ರಾನೈಟಿನ ಬಗ್ಗೆ ಒಂದು ಪುಟವಿತ್ತು, ಹನ್ನೆರಡು ಜನರ ಹೆಸರುಗಳಿದ್ದವು. ಕೆಳಗೆ ನನ್ನ ಹೆಸರು ಹಾಕಿದ್ದರು. ಆ ಹೆಸರನ್ನು ನೋಡಿ ನನಗೆ ಎಷ್ಟು ಸಿಟ್ಟು ಬಂತೆಂದರೆ, ಊಟಕ್ಕೆ ಕುಳಿತವಳು ಅಳುತ್ತ ಎದ್ದೆ. ನನ್ನ ತಾಯಿ, "ಸರಕಾರಿ ಪುಸ್ತಕದಾಗ ಹೆಸರ ಬಂದೈತಿ, ಇಕಿ ಅಳ್ತಾಳ" ಎಂದಳು.

ವಾರ್ಷಿಕದ ದಿನ ಆಕಾಶ ಶುಭ್ರವಾಗಿತ್ತು. ಹೊಸ ನೆಲ ಕನ್ನಡಿಯಂತೆ ಹೊಳೆಯುತ್ತಿತ್ತು. ಈ ಸಲ ಎಲ್ಲರೂ ಏನಾದರೂ ಮಾಡುತ್ತಾರೆ, ಕನಿಷ್ಠ ಒಂದು ಮಾತಾದರೂ ಆಡುತ್ತಾರೆ ಎಂದು ನಾನು ನಂಬಿಕೊಂಡಿದ್ದೆ. ಕಲ್ಲನ್ನು ನೋಡಿ ಲೊಚಗುಟ್ಟಿದವರೇ ಎಲ್ಲರೂ. ಪರದೆ ಸರಿಯಿತು. ಅವರವರು ಅವರವರ ಬಣ್ಣದಲ್ಲಿ ಹೋಗಿ ನಿಂತರು, ಕಣ್ಣು ಮುಚ್ಚಿದರು. ಹೊಸ ಗ್ರಾನೈಟಿನ ಮೇಲೆ ಹನ್ನೆರಡು ಪಟ್ಟೆಗಳು ಬಿದ್ದವು, ಕೊನೆಯಲ್ಲಿ ಖಾಲಿ. ನನ್ನ ಕಣ್ಣೆದುರಿಗೇ ಅದನ್ನು ಎರಡನೆಯ ಸಲ ಮಾಡುತ್ತಿದ್ದಾರೆ ಎಂದು ನನಗೆ ಅನ್ನಿಸಿತು, ಮತ್ತು ಈ ಸಲ ಅಜ್ಞಾನದ ನೆಪವೂ ಇರಲಿಲ್ಲ.

ಫಕೀರವ್ವ ತನ್ನ ಜಾಗಕ್ಕೆ ಬಂದಳು. ಸೆರಗಿನ ಒಳಗಿನಿಂದ ಒಂದು ಬಾಟಲಿ ತೆಗೆದಳು. ಸರಕಾರಿ ದವಾಖಾನೆಯಲ್ಲಿ ಕೆಮ್ಮಿಗೆ ಕೊಡುವ ಕಂದು ಗಾಜಿನ ಬಾಟಲಿ, ತೊಳೆದು ಒಣಗಿಸಿದ್ದು. ಚೀಟಿಯನ್ನು ಉಗುರಿನಿಂದ ಕೆರೆದಿದ್ದಳು, ಒಂದು ಎಳೆ ಮಾತ್ರ ಉಳಿದಿತ್ತು. ಗಂಡನ ಬಿಳಿ ಗಾಜಿನಿಂದ ಬರುತ್ತಿದ್ದ ಬಿಸಿಲಿಗೆ ಆ ಬಾಟಲಿಯನ್ನು ಅಡ್ಡ ಹಿಡಿದಳು. ಅಂಗೈಯಗಲದ ಕಂದು ಬೆಳಕು ಅವಳ ಹಣೆಯ ಮೇಲೆ ಬಿತ್ತು. ಅವಳು ಬಾಟಲಿಯನ್ನು ನಿಧಾನವಾಗಿ ಸರಿಸುತ್ತ ಹೋದಳು. ಹಣೆ, ಕೆನ್ನೆ, ಮೂಗು, ಗದ್ದ. ಮದುಮಗಳಿಗೆ ಅರಿಷಿಣ ಹಚ್ಚುವಾಗ ಎಲ್ಲಿಯೂ ಬಿಟ್ಟುಹೋಗದಂತೆ ನೋಡಿಕೊಳ್ಳುತ್ತಾರಲ್ಲ, ಹಾಗೆ.

"ಏ ಯವ್ವಾ, ಏನದು?" ಎಂದರು ಮೇಟಿಯವರು. "ಅದು ಕಿಟಕಿದಲ್ಲ."

"ಬಿಸಲು ಕಿಟಕಿದಾ ಐತಿ," ಎಂದಳು ಫಕೀರವ್ವ, ಕಣ್ಣು ತೆರೆಯದೆ.

ಮೇಟಿಯವರು ಜವಾನನಿಗೆ ಸನ್ನೆ ಮಾಡಿದರು. ಜವಾನ ಒಂದು ಹೆಜ್ಜೆ ಮುಂದಿಟ್ಟ. ಅಷ್ಟರಲ್ಲಿ ಗಂಗವ್ವ, ಮುಖವೆಲ್ಲ ಅಣ್ಣನ ಕೆಂಪಿನಲ್ಲಿ, ತನ್ನ ಜಾಗ ಬಿಟ್ಟು ಈಚೆ ಬಂದಳು. "ಇವತ್ತ ಬಣ್ಣದಾಗ ಇದ್ದವ್ರಿಗೆ ಯಾರೂ ಅಡ್ಡ ಬರಬಾರದು. ಅಲ್ಲೇನು? ಅಕಿಗೆ ಅರ್ಧ ಬಣ್ಣ ಆಗೇತಿ," ಎಂದಳು. ಜವಾನ ಮೇಟಿಯವರ ಮುಖ ನೋಡಿದ, ಗಂಗವ್ವನ ಮುಖ ನೋಡಿದ. ಅಲ್ಲಿಯೇ ನಿಂತ. ಗಂಗವ್ವ ಫಕೀರವ್ವನ ಕಡೆ ತಿರುಗಿ, ಸ್ವಲ್ಪ ಗಡುಸಾಗಿಯೇ, "ಎಡಗಡೆ ಕಿವಿ ಹತ್ರ ಉಳದೈತಿ ನೋಡು" ಎಂದಳು. ಅವರಿಬ್ಬರ ನಡುವೆ ಅದಕ್ಕಿಂತ ಹೆಚ್ಚು ಮಾತಾಗಲಿಲ್ಲ.

ಫಕೀರವ್ವ ಹೊರಬಿದ್ದಾಗ ಅವಳ ಮುಖ ಕಂದಾಗಿತ್ತು. ಚೀಟಿಯ ಎಳೆ ಅಡ್ಡ ಬಂದಲ್ಲಿ ಕಣ್ಣಿನ ಕೆಳಗೆ ಒಂದು ಗೆರೆ ಮಾತ್ರ ಅವಳ ಸ್ವಂತ ಬಣ್ಣದಲ್ಲಿ ಉಳಿದಿತ್ತು. ನಾನು ಅವಳ ಚಪ್ಪಲಿ ಹಿಡಿದುಕೊಂಡು ಹಿಂದೆ ಹೋದೆ. ಉಳಿದವರೆಲ್ಲ ಮುಂದೆ ಹೋಗಿಯಾಗಿತ್ತು. ಪೇಟೆಯವರು ಅವರಿಗೆ ಎದ್ದು, ಮತ್ತೆ ಕುಳಿತು, ತಮ್ಮ ತಮ್ಮ ಕೆಲಸಕ್ಕೆ ತೊಡಗಿದ್ದರು. ಅವಳನ್ನು ಕಂಡು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬಟ್ಟೆ ಅಂಗಡಿಯವನು ಗಜಕಡ್ಡಿ ಹಿಡಿದು ಅರ್ಧ ಎದ್ದ, ಪಕ್ಕದವನು ಎದ್ದಿಲ್ಲವೆಂದು ಕಂಡು ಕುಳಿತ. "ಇದು ಲೆಕ್ಕಕ್ಕ ಬರತೈತೇನು?" ಎಂದು ಯಾರೋ ಕೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಅದು ಅವಳಿಗೂ ಕೇಳಿಸಿರಬೇಕು.

ಚಹಾದ ಅಂಗಡಿಯ ಮುಂದೆ ಬಂದಾಗ ಅವಳು ನಿಂತಳು. ಬೆಂಚಿನ ಮೇಲೆ ಐದಾರು ಜನ ಗಂಡಸರು ಬಸಿಯಲ್ಲಿ ಚಹಾ ಹುಯ್ದುಕೊಂಡು ಕುಳಿತಿದ್ದರು. ಅವಳು ಅವರ ಎದುರು ಬಂದು, ಏನೂ ಅನ್ನದೆ, ಬರಿದೆ ನಿಂತಳು. ಗದರಲಿಲ್ಲ, ಬೇಡಲಿಲ್ಲ. ಅವರು ಚಹಾ ನೋಡಿದರು, ರಸ್ತೆ ನೋಡಿದರು. ಅಂಗಡಿಯವನು ಒಲೆಯನ್ನು ಸುಮ್ಮನೆ ಕೆದಕಿದ. ಎಷ್ಟು ಹೊತ್ತು ಕಳೆಯಿತೋ. ಇವರು ಏಳದೆ ಹೋದರೆ ಏನು ಮಾಡಲಿ, ಏನು ಹೇಳಿ ಇವಳನ್ನು ಮನೆಗೆ ಕರೆದುಕೊಂಡು ಹೋಗಲಿ ಎಂದು ಲೆಕ್ಕ ಹಾಕುತ್ತಿದ್ದೆ. ಆಮೇಲೆ ಕಟ್ಟಿಗೆ ಅಡ್ಡೆಯ ಕೊಟ್ರಪ್ಪ ಬಸಿ ಕೆಳಗಿಟ್ಟು ಎದ್ದ. ಅವನ ಪಕ್ಕದವನು ಎದ್ದ. ಹಾಗೇ ಒಬ್ಬೊಬ್ಬರೇ ಎದ್ದರು. ತುದಿಯಲ್ಲಿದ್ದ ಒಬ್ಬ ಮಾತ್ರ ಕಾಲ ಮೇಲೆ ಕಾಲು ಹಾಕಿಕೊಂಡು ಕುಳಿತೇ ಇದ್ದ.

ಫಕೀರವ್ವ ನಿಂತವರ ಮುಖಗಳನ್ನು ಒಂದೊಂದಾಗಿ ನೋಡಿದಳು. ಅವಸರವಿಲ್ಲದೆ, ನೆನಪಿಟ್ಟುಕೊಳ್ಳುವವಳಂತೆ ನೋಡಿದಳು. ಕುಳಿತವನನ್ನೂ ನೋಡಿದಳು. "ಅಂವ ಕುಂತಾನ, ಕುಂದ್ರಲಿ," ಎಂದಳು. ಆಮೇಲೆ ಅವರು ಎದ್ದು ಖಾಲಿಯಾದ ಬೆಂಚಿನ ಮೇಲೆ ಹೋಗಿ ನಡುವೆ ಕುಳಿತು ಕಾಲು ಚಾಚಿದಳು. "ನನಗೂ ಒಂದು ಚಾ ಹಾಕಪಾ. ಇಕಿಗೂ ಹಾಕು, ಗಡಗಡ ನಡಗಾಕತ್ತಾಳ." ಅವಳು ಕುಡಿದು ಮುಗಿಸುವವರೆಗೆ ಆ ಗಂಡಸರು ನಿಂತೇ ಇದ್ದರು. ಅವರಿಗೆ ಕೂರಲು ಜಾಗವಿತ್ತು. ಕೂರಲಿಲ್ಲ.

ಮರುದಿನ ಸೇತುವೆಯ ಬುಡದಲ್ಲಿ ಅವಳು ಕಂದು ಮುಖದಲ್ಲೇ ಶೇಂಗಾ ಮಾರುತ್ತಿದ್ದಳು. ಅದರ ಮರುದಿನವೂ ಹಾಗೆಯೇ ಇದ್ದಳು, ಕಣ್ಣು ಕೆಂಪಗಾಗಿದ್ದವು. "ಮಲಗಿಲ್ಲೇನು ಆಯಿ?" ಎಂದೆ. "ಮಲಗಾಕ ಏನವಸರ," ಎಂದಳು.

ನನ್ನ ಸಿಟ್ಟು ಇಳಿದಿದೆ ಎಂದು ಯಾರೂ ತಿಳಿಯಬಾರದು. ಬಿಳಿ ಗಾಜು ಇನ್ನೂ ಹಾಗೇ ಇದೆ. ವಿಷಯ ಸಭೆಯ ಮುಂದೆ ಬಂದಿಲ್ಲ. ಗ್ರಾನೈಟಿನ ಖಾಲಿ ಜಾಗದಲ್ಲಿ ಅಂದು ಬಾಟಲಿಯ ಬೆಳಕು ಅವಳ ಮುಖದಿಂದ ಜಾರಿ ಬಿದ್ದಲ್ಲಿ ಒಂದು ಕಂದು ಮಚ್ಚೆ ನಿಂತಿದೆ. ಆ್ಯಸಿಡ್ ಹಾಕಿ ತಿಕ್ಕಿಸಿ ನೋಡಿದರು. ಈಗ ಅದರ ಮೇಲೆ ಒಂದು ಹೂವಿನ ಕುಂಡ ಇಟ್ಟಿದ್ದಾರೆ. ದಿನಾ ಬೆಳಿಗ್ಗೆ ನಾನು ಕಚೇರಿಗೆ ಹೋಗುವ ಮುಂಚೆ ಆ ಕುಂಡವನ್ನು ಪಕ್ಕಕ್ಕೆ ಸರಿಸುತ್ತೇನೆ, ಮಧ್ಯಾಹ್ನದ ಹೊತ್ತಿಗೆ ಯಾರೋ ಮತ್ತೆ ಅಲ್ಲಿಗೇ ತಂದಿಟ್ಟಿರುತ್ತಾರೆ. ಯಾರೆಂದು ನನಗೆ ಇನ್ನೂ ಗೊತ್ತಾಗಿಲ್ಲ.

ಗೊತ್ತಿಲ್ಲದ್ದು ಇನ್ನೂ ಇದೆ. ಗಾಜು ತೆಗೆಸಿದವರು ಯಾರೆಂದು ನನಗೆ ಗೊತ್ತಿಲ್ಲ. ಮೇಟಿಯವರ ತಂದೆಯೇ ಎಂದು ಹೇಳಲು ನನ್ನಲ್ಲಿ ಆಧಾರವಿಲ್ಲ, ಆಧಾರವಿಲ್ಲದೆ ಹೇಳಿದರೆ ಬರಮಪ್ಪನಿಗೆ ಊರು ಮಾಡಿದ್ದನ್ನೇ ನಾನೂ ಮಾಡಿದಂತಾಗುತ್ತದೆ. ತೆಗೆದ ಗಾಜು ಎಲ್ಲಿ ಹೋಯಿತೆಂದು ಗೊತ್ತಿಲ್ಲ. ಆ ಮಂಜಿನಲ್ಲಿ ದೋಣಿಗೆ ಏನಾಯಿತು, ಬರಮಪ್ಪ ಕುಡಿದಿದ್ದನೋ ಇಲ್ಲವೋ, ಅದೂ ಗೊತ್ತಿಲ್ಲ. ಆ ಪಟ್ಟೆ ಬೆಲ್ಲದ ಬಣ್ಣವೋ, ಜೇನೋ, ಕೆಮ್ಮಿನ ಬಾಟಲಿಯ ಬಣ್ಣಕ್ಕೆ ಎಷ್ಟು ಹತ್ತಿರವಿತ್ತೋ, ಎಷ್ಟು ದೂರವಿತ್ತೋ, ಕಲ್ಲು ಕಣ್ಣೆದುರಿಗಿದ್ದಾಗಲೇ ನಾನು ಸರಿಯಾಗಿ ನೋಡಿಟ್ಟುಕೊಳ್ಳಲಿಲ್ಲ. ಈಗ ಕೇಳಿದರೆ ಹೇಳಲಾರೆ.